‘ನಾಳಿಂದ ಬರಬ್ಯಾಡ’ ಅನ್ನುವವರಿಗೆ

ನಂಜನಗೂಡು ತಾಲ್ಲೂಕಿನ ಹದಿನಾರಿಗೆ ಒಂದು ರಾಜರ ಕತೆ ಅಂಟಿಕೊಂಡಿದೆ. 1399ರಲ್ಲಿ ದ್ವಾರಕೆಯ ಕಡೆಯಿಂದ ಬಂದ ಅಣ್ಣತಮ್ಮಂದಿರಿಬ್ಬರು ಕಾರುಗಹಳ್ಳಿಯ ಮಾರನಾಯಕನನ್ನು ಕೊಂದರಂತೆ, ಅಣ್ಣ ಯದುರಾಯ ಮೈಸೂರಿನ ದೊರೆಯಾದನಂತೆ. ಹದಿನಾಡಿನ ಹೆಸರು ಈ ಕತೆಯೊಳಗೆ ಸೇರಿಕೊಂಡಿರುವುದರಿಂದ ಊರಿನ ದೊಡ್ಡವರು ಇಂದಿಗೂ ಎದೆ ಉಬ್ಬಿಸಿ ಹೇಳುತ್ತಾರೆ. ನಾವು ಈ ಕತೆಯನ್ನು ಬೇರೆ ರೀತಿ ಓದುತ್ತೇವೆ. ಇದು ಒಂದು ಮನೆತನಕ್ಕೆ ಐನೂರು ವರ್ಷದ ಖಾಯಂ ನೌಕರಿ ಸಿಕ್ಕ ಕತೆ. ಆ ನೌಕರಿ ಹೋದಾಗಲೂ ಅವರು ಬರಿಗೈಯಲ್ಲಿ ಹೋಗಲಿಲ್ಲ. ರಾಜಧನ ಅಂತ ಮೈಸೂರಿನ ಮಹಾರಾಜರಿಗೆ ವರ್ಷಕ್ಕೆ 26 ಲಕ್ಷ ರೂಪಾಯಿ ನಿಗದಿಯಾಯಿತು. 1971ರಲ್ಲಿ ಸಂವಿಧಾನದ 26ನೇ ತಿದ್ದುಪಡಿ ಬರುವ ತನಕ ರಾಜಧನದ ಪದ್ಧತಿ ನಡೆಯಿತು.

ಅದೇ ಹದಿನಾರಿನ ಕೇರಿಯಿಂದ, ಅಕ್ಕಪಕ್ಕದ ಹಳ್ಳಿಗಳಿಂದ, ಹೊತ್ತು ಮೂಡುವ ಮುಂಚೆ ಬುತ್ತಿ ಕಟ್ಟಿಕೊಂಡು ನಂಜನಗೂಡಿನ ಕಡೆ ಹೊರಡುವ ನಮ್ಮ ಹುಡುಗರನ್ನು, ಹೆಣ್ಣುಮಕ್ಕಳನ್ನು ನೋಡಿ. ಇವರ ನೌಕರಿ ಹೋಗಲು ಸಂವಿಧಾನದ ತಿದ್ದುಪಡಿ ಬೇಕಿಲ್ಲ. ಎರಡು ಮಾತು ಸಾಕು: ‘ನಾಳಿಂದ ಬರಬ್ಯಾಡ.’ ಕಾಗದವಿಲ್ಲ, ಕಾರಣವಿಲ್ಲ, ರುಜುವಿಲ್ಲ. ಹೇಳುವವನು ಮಾಲೀಕನೂ ಅಲ್ಲ; ಗುತ್ತಿಗೆದಾರನ ಕಡೆಯ ಒಬ್ಬ ಸೂಪರ್‌ವೈಸರು. ‘ಯಾಕೆ ಸಾರ್?’ ಅಂದರೆ ‘ಮೇಲಿಂದ ಹೇಳವ್ರೆ ಕಣಯ್ಯ’ ಅನ್ನುತ್ತಾನೆ. ಆ ಮೇಲೆ ಎಂಬುದು ಎಲ್ಲಿದೆಯೋ ಯಾರಿಗೂ ಗೊತ್ತಿಲ್ಲ.

ನಮ್ಮ ಅಪ್ಪಂದಿರು, ತಾತಂದಿರು ಜೀತ ಇದ್ದವರು. ಅವರಿಗೆ ಒಡೆಯನ ಹಟ್ಟಿ ಬಿಟ್ಟು ಹೋಗುವ ಹಕ್ಕಿರಲಿಲ್ಲ. 1975ರ ಅಕ್ಟೋಬರಿನಲ್ಲಿ ಸುಗ್ರೀವಾಜ್ಞೆ ಬಂತು, 1976ರಲ್ಲಿ ಜೀತ ರದ್ದತಿ ಕಾಯ್ದೆಯಾಯಿತು. ಬಿಟ್ಟು ಹೋಗುವ ಹಕ್ಕು ಸಿಕ್ಕಿತು. ಅವರ ಮೊಮ್ಮಕ್ಕಳಾದ ನಮಗೆ ಈಗ ಕೆಲಸದಲ್ಲಿ ಉಳಿಯುವ ಹಕ್ಕಿಲ್ಲ. ಸರಪಳಿ ಕಿತ್ತು ಹಾಕಿದರು, ಅದರ ಜಾಗದಲ್ಲಿ ಬಾಗಿಲು ಇಟ್ಟರು, ಬಾಗಿಲ ಕೀಲಿ ಮಾತ್ರ ಅವರ ಜೇಬಿನಲ್ಲೇ ಉಳಿಯಿತು.

ಇಲ್ಲಿ ನಮ್ಮ ತಪ್ಪನ್ನೂ ಒಪ್ಪಿಕೊಂಡು ಮುಂದೆ ಹೋಗುತ್ತೇವೆ. ನಮ್ಮ ಗುಂಪಿನ ಗೆಳೆಯನೊಬ್ಬ ಒಂದು ಕಾರ್ಖಾನೆಯಲ್ಲಿ ಗುತ್ತಿಗೆದಾರನ ಮೂಲಕ ನಾಲ್ಕು ವರ್ಷ ದುಡಿದ. ರಜದ ದಿನ ಓವರ್‌ಟೈಮ್ ಮಾಡಲಾರೆ ಅಂದದ್ದಕ್ಕೆ ಗೇಟಿನ ಹೊರಗೆ ನಿಲ್ಲಿಸಿದರು. ನಾವು ಏನು ಮಾಡಿದೆವು? ಸಭೆ ಮಾಡಿದೆವು. ಗೋಡೆ ಮೇಲೆ ಬರೆದೆವು. ಹಾಡು ಕಟ್ಟಿ ಹಾಡಿದೆವು. ಒಬ್ಬರೂ ಅವನ ಕೈ ಹಿಡಿದು ಕಾರ್ಮಿಕ ಇಲಾಖೆಯ ಕಚೇರಿಗೆ ಕರಕೊಂಡು ಹೋಗಲಿಲ್ಲ. ಆಗ ಜಾರಿಯಲ್ಲಿದ್ದ ಕಾಯ್ದೆಯಲ್ಲಿ ವಜಾ ಆದವನು ನೇರವಾಗಿ ಕಾರ್ಮಿಕ ನ್ಯಾಯಾಲಯಕ್ಕೆ ಹೋಗಲು ಮೂರು ವರ್ಷದ ಗಡುವಿತ್ತು. ಆ ಗಡುವು ನಾವು ಹಾಡುತ್ತಿರುವಾಗಲೇ ಮುಗಿದುಹೋಯಿತು. ಆ ಗೆಳೆಯ ಈಗ ಟೊಮೊಟೊ ಲೋಡು ಮಾಡುತ್ತಾನೆ. ಸಿಕ್ಕಾಗ ನಗುತ್ತಾನೆ. ಆ ನಗು ನಮಗೆ ಚುಚ್ಚುತ್ತದೆ. ಈ ಬರಹ ಆ ಸಾಲದ ಮೊದಲ ಕಂತು.

ಗೆಳೆಯರೇ, ‘ಕಾನೂನು ಉಳ್ಳವರದು, ಅದನ್ನು ನಂಬಬಾರದು’ ಎಂದು ನಮ್ಮಲ್ಲೇ ಕೆಲವರು ಹೇಳುತ್ತಾರೆ. ಅರ್ಧ ನಿಜ. ಆದರೆ ದುಡಿಯುವವರ ಪರವಾಗಿ ಕಾನೂನಿನಲ್ಲಿ ಇರುವ ಒಂದೊಂದು ಸಾಲನ್ನೂ ಯಾರೋ ಬೀದಿಗಿಳಿದು ಪಡೆದಿದ್ದಾರೆ. ಬಾಬಾಸಾಹೇಬರು 1936ರಲ್ಲಿ ಕಟ್ಟಿದ ಪಕ್ಷದ ಹೆಸರು ಸ್ವತಂತ್ರ ಕಾರ್ಮಿಕ ಪಕ್ಷ. 1938ರಲ್ಲಿ ಮುಂಬಯಿ ಸರ್ಕಾರ ಮುಷ್ಕರದ ಹಕ್ಕಿಗೆ ಕತ್ತರಿ ಹಾಕುವ ಮಸೂದೆ ತಂದಾಗ ಅವರು ಶಾಸನಸಭೆಯೊಳಗೆ ಎದುರಿಸಿದರು, ನವೆಂಬರ್ 7ರಂದು ಬೀದಿಯಲ್ಲಿ ಮುಷ್ಕರಕ್ಕೂ ನಿಂತರು. ಒಳಗೂ ಹೊರಗೂ ಎರಡೂ ಕಡೆ. ನಾವು ಅವರ ಪಟಕ್ಕೆ ಹಾರ ಹಾಕುತ್ತೇವೆ, ಅವರು ಓದಿದ ಪುಸ್ತಕದ ಜಾತಿಯ ಪುಸ್ತಕ ಮಾತ್ರ ಮುಟ್ಟುವುದಿಲ್ಲ.

ಆದ್ದರಿಂದ ಏನಿತ್ತು, ಏನು ಹೋಯಿತು, ಏನು ಉಳಿದಿದೆ ಎಂದು ಮೊದಲು ತಿಳಿಯೋಣ.

1947ರ ಕೈಗಾರಿಕಾ ವಿವಾದಗಳ ಕಾಯ್ದೆ ದೇಶದ ಕೆಲಸಗಾರನಿಗೆ ಮುಖ್ಯ ಆಸರೆಯಾಗಿತ್ತು. ಮೊದಮೊದಲು ಒಬ್ಬಂಟಿ ಕೆಲಸಗಾರನ ವಜಾ ವಿವಾದವೇ ಆಗುತ್ತಿರಲಿಲ್ಲ. ಸಂಘ ಅವನ ಬೆನ್ನಿಗೆ ನಿಲ್ಲಬೇಕಿತ್ತು. 1965ರಲ್ಲಿ ತಿದ್ದುಪಡಿಯಾಗಿ ಒಬ್ಬನ ವಜಾ ಕೂಡ ವಿವಾದ ಎಂದಾಯಿತು. 1971ರ ತಿದ್ದುಪಡಿಯಿಂದ, ಕೊಟ್ಟ ಶಿಕ್ಷೆ ತಪ್ಪಿಗೆ ಮೀರಿದ್ದಾದರೆ ಅದನ್ನು ಬದಲಿಸುವ ಅಧಿಕಾರ ಕಾರ್ಮಿಕ ನ್ಯಾಯಾಲಯಕ್ಕೆ ಬಂತು. 1988ರಲ್ಲಿ ನಮ್ಮ ಕರ್ನಾಟಕವೇ ಒಂದು ಹೆಜ್ಜೆ ಮುಂದೆ ಹೋಯಿತು: ವಜಾ ಆದವನು ಸರ್ಕಾರದ ಅಪ್ಪಣೆಗೆ ಕಾಯದೆ ಆರು ತಿಂಗಳೊಳಗೆ ನೇರವಾಗಿ ಕಾರ್ಮಿಕ ನ್ಯಾಯಾಲಯದ ಬಾಗಿಲು ಬಡಿಯಬಹುದು ಎಂದು ರಾಜ್ಯದ ತಿದ್ದುಪಡಿ ಹೇಳಿತು. ಇಡೀ ದೇಶಕ್ಕೆ ಇಂಥ ದಾರಿ ತೆರೆದದ್ದು 2010ರಲ್ಲಿ.

ಹನ್ನೆರಡು ತಿಂಗಳಲ್ಲಿ 240 ದಿನ ದುಡಿದವನನ್ನು ಕಡಿತದ ಹೆಸರಿನಲ್ಲಿ ಕಳಿಸಬೇಕಾದರೆ ಒಂದು ತಿಂಗಳ ನೋಟಿಸು ಇಲ್ಲವೇ ಒಂದು ತಿಂಗಳ ಸಂಬಳ ಕೊಡಬೇಕು, ದುಡಿದ ಪ್ರತಿ ವರ್ಷಕ್ಕೆ 15 ದಿನದ ಸಂಬಳ ಪರಿಹಾರ ಕೊಡಬೇಕು. ಈ 240 ಎಂಬ ಅಂಕಿಯನ್ನು ನಮ್ಮ ಕೇರಿಯ ಪ್ರತಿ ಮಗುವೂ ಮಗ್ಗಿಯ ಹಾಗೆ ಕಲಿಯಬೇಕು. ಯಾಕೆಂದರೆ ಮಾಲೀಕರು ಅದನ್ನು ನಮಗಿಂತ ಚೆನ್ನಾಗಿ ಕಲಿತಿದ್ದಾರೆ. 230ನೇ ದಿನಕ್ಕೆ ‘ನಾಳಿಂದ ಬರಬ್ಯಾಡ’, ಹದಿನೈದು ದಿನ ಬಿಟ್ಟು ಬೇರೆ ಗುತ್ತಿಗೆದಾರನ ಹೆಸರಿನಲ್ಲಿ ‘ಬಾ’. ಈ ಆಟ ಅವರಿಗೆ ಲೆಕ್ಕಾಚಾರ, ನಮಗೆ ಬದುಕು.

ದೊಡ್ಡ ಕಾರ್ಖಾನೆ ಜನರನ್ನು ಕಡಿತ ಮಾಡಬೇಕಾದರೂ ಬಾಗಿಲು ಹಾಕಬೇಕಾದರೂ ಸರ್ಕಾರದ ಅನುಮತಿ ಬೇಕು ಎಂಬ ನಿಯಮ 1976ರಲ್ಲಿ ಬಂತು. ಆಗ ಅದು 300 ಜನರಿರುವ ಕಾರ್ಖಾನೆಗೆ ಮಾತ್ರ. 1982ರ ತಿದ್ದುಪಡಿ ಅದನ್ನು 100ಕ್ಕೆ ಇಳಿಸಿತು, 1984ರಿಂದ ಜಾರಿಯಾಯಿತು. 2025ರ ನವೆಂಬರ್ 21ರಂದು ಕೇಂದ್ರ ಸರ್ಕಾರ ನಾಲ್ಕು ಕಾರ್ಮಿಕ ಸಂಹಿತೆಗಳನ್ನು ಜಾರಿಗೆ ತಂದು 1947ರ ಕಾಯ್ದೆಯನ್ನು ಎತ್ತಿಟ್ಟಿತು. ಅದರೊಂದಿಗೆ 100 ಎಂಬುದು ಮತ್ತೆ 300 ಆಯಿತು. ತುರ್ತುಪರಿಸ್ಥಿತಿಯ ಕಾಲದ ಅಂಕಿಗೆ ನಾವು ವಾಪಸು ಹೋದೆವು. ಇದನ್ನು ‘ಸುಧಾರಣೆ’ ಅಂತ ಕರೆದರು!

ಅಂಕಿ ಎಂದರೆ ಏನೆಂದು ತಿಳಿಯಲು ಕಾವೇರಿ ದಡಕ್ಕೆ ಹೋಗಿ. 2020ರ ಜೂನಿನಲ್ಲಿ, ಕೊರೊನಾ ಕಾಲದಲ್ಲಿ, ಶ್ರೀರಂಗಪಟ್ಟಣದಲ್ಲಿದ್ದ ಗೋಕಲ್‌ದಾಸ್ ಎಕ್ಸ್‌ಪೋರ್ಟ್ಸ್‌ನ ಗಾರ್ಮೆಂಟ್ಸ್ ಕಾರ್ಖಾನೆ ಸಾವಿರದ ಇನ್ನೂರಕ್ಕಿಂತ ಹೆಚ್ಚು ಜನರನ್ನು ಲೇ ಆಫ್ ಮಾಡಿತು. ಹೆಚ್ಚಿನವರು ಸುತ್ತಲ ಹಳ್ಳಿಗಳ ಹೆಣ್ಣುಮಕ್ಕಳು. ಅವರು ಹೊಲೆಯುತ್ತಿದ್ದದ್ದು ಎಚ್ ಅಂಡ್ ಎಂ ಎಂಬ ವಿದೇಶಿ ಕಂಪನಿಯ ಬಟ್ಟೆ. ಅನುಮತಿ ಇಲ್ಲದೆ ಮಾಡಿದ ಈ ಲೇ ಆಫ್ ಕಾನೂನುಬಾಹಿರ ಎಂದು ಅವರ ಯೂನಿಯನ್ ಹಟ ಹಿಡಿಯಿತು. ಹೆಣ್ಣುಮಕ್ಕಳು ಕಾರ್ಖಾನೆಯ ಬಳಿಯೇ ಕೂತರು, ವಾರಗಟ್ಟಲೆ ಕೂತರು. ಸುದ್ದಿ ಬಟ್ಟೆ ಕೊಳ್ಳುವವರ ದೇಶ ಮುಟ್ಟಿತು. ಕೊನೆಗೆ 2021ರಲ್ಲಿ ಕಂಪನಿ ಯೂನಿಯನ್ನಿನ ಜೊತೆ ಒಪ್ಪಂದಕ್ಕೆ ಬಂದು ಮತ್ತೆ ಕೆಲಸ ಕೊಡಲು ಒಪ್ಪಿತು. ಅವರ ಕೈಯಲ್ಲಿ ಎರಡು ಆಯುಧ ಇದ್ದವು: ಸಂಘ ಒಂದು, ಕಾನೂನಿನ ಆ ಸಾಲು ಒಂದು. ಸಾವಿರ ಜನರ ಕಾರ್ಖಾನೆಗೆ ಆ ಸಾಲು ಈಗಲೂ ಇದೆ. ಆದರೆ 299 ಜನರ ಕಾರ್ಖಾನೆಗೆ? ಅಲ್ಲಿನ ಹೆಣ್ಣುಮಕ್ಕಳ ಕೈಯಿಂದ ಎರಡನೆಯ ಆಯುಧವನ್ನು ಕಿತ್ತುಕೊಂಡಿದ್ದಾರೆ.

‘ಕಾನೂನು ಬಿಗಿ ಮಾಡಿದರೆ ಕಾರ್ಖಾನೆ ಬರೋದಿಲ್ಲ ಕಣ್ರಪ್ಪ, ನಿಮಗೇ ಕೆಲಸ ಇರೋದಿಲ್ಲ’ ಎಂದು ಬುದ್ಧಿ ಹೇಳುವವರು ಬಹಳ ಜನ ಇದ್ದಾರೆ. ನಂಜನಗೂಡಿನ ಕೈಗಾರಿಕಾ ಪ್ರದೇಶ ಬೆಳೆದದ್ದು ಯಾವ ಕಾನೂನಿನ ಕೆಳಗೆ? ಆ 100ರ ನಿಯಮದ ಕೆಳಗೇ. ಇನ್ನು ಮುಚ್ಚಿದ್ದು? ತಾಂಡವಪುರದ ರೀಡ್ ಅಂಡ್ ಟೇಲರ್ ಬಟ್ಟೆ ಕಾರ್ಖಾನೆಯನ್ನು ಕಂಡವರು ನಮ್ಮಲ್ಲಿ ಬಹಳ ಜನ ಇದ್ದಾರೆ. ಅದನ್ನು ಮುಳುಗಿಸಿದ್ದು ಕಾರ್ಮಿಕ ಕಾನೂನಲ್ಲ, ಬ್ಯಾಂಕಿನ ಸಾಲ. 2019ರಲ್ಲಿ ಕಂಪನಿ ಸಮಾಪನೆಗೆ ಹೋಯಿತು. ಸಾಲ ಎತ್ತಿದವರು ಯಾರೂ ನಮ್ಮ ಕೇರಿಯವರಲ್ಲ. ದಿವಾಳಿ ಸಂಹಿತೆಯ ಪ್ರಕಾರ ಸಮಾಪನೆಗೆ ಹಿಂದಿನ 24 ತಿಂಗಳ ಕೂಲಿ ಬಾಕಿಗೆ ಮಾತ್ರ ಬ್ಯಾಂಕಿನ ಸಾಲದ ಸರಿಸಮ ಸ್ಥಾನ. ಅದಕ್ಕೂ ಹಿಂದಿನದು ಸಾಲಿನ ಹಿಂದಕ್ಕೆ. ಮಾಲೀಕ ದಿವಾಳಿ ಎದ್ದರೂ ಮೊದಲು ಬೀದಿಗೆ ಬೀಳುವವನು ದುಡಿದವನು.

ಇದು ಖಾಸಗಿಯವರ ಮಾತಾಯಿತು. ಸರ್ಕಾರ ಎಂಬ ದೊಡ್ಡ ಮಾಲೀಕ ಏನು ಮಾಡಿದ? ನಮ್ಮದೇ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆಯಲ್ಲಿ 1985–86ರಿಂದ ದಿನಗೂಲಿಯಲ್ಲಿ ದುಡಿದವರು ಖಾಯಂ ಮಾಡಿ ಎಂದು ಕೇಳಿದರು. ಉಮಾದೇವಿ ಪ್ರಕರಣ ಎಂದು ದೇಶವೆಲ್ಲ ಹೆಸರಾದ ಆ ಮೊಕದ್ದಮೆಯಲ್ಲಿ 2006ರ ಏಪ್ರಿಲ್ 10ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ತೀರ್ಪು ಕೊಟ್ಟಿತು: ನಿಯಮದ ಪ್ರಕಾರ ನೇಮಕವಾಗದವರಿಗೆ ಎಷ್ಟು ವರ್ಷ ದುಡಿದರೂ ಖಾಯಮಾತಿಯ ಹಕ್ಕಿಲ್ಲ. ಮಂಜೂರಾದ ಹುದ್ದೆಯಲ್ಲಿ ಹತ್ತು ವರ್ಷ ದುಡಿದ ಕೆಲವರಿಗೆ ಒಂದು ಸಲದ ವಿನಾಯಿತಿ ಮಾತ್ರ.

ಈ ತೀರ್ಪಿನ ಹಿಂದಿನ ವಾದದಲ್ಲಿ ನಮಗೂ ಸಂಬಂಧಿಸಿದ್ದು ಇದೆ, ಅದನ್ನು ಮುಚ್ಚಿಡುವುದಿಲ್ಲ. ಹಿಂಬಾಗಿಲಿನಿಂದ ನೇಮಕ ಮಾಡಿದರೆ ಮೀಸಲಾತಿಯ ರೋಸ್ಟರು ಗಾಳಿಗೆ ಹೋಗುತ್ತದೆ. ಅರ್ಜಿ ಹಾಕಿ ಕಾದು ಕೂತ ನಮ್ಮ ಪದವೀಧರನ ಅನ್ನ ಹೋಗುತ್ತದೆ. ನಿಜ. ಆದರೆ ಆ ಹಿಂಬಾಗಿಲು ತೆರೆದವರು ಯಾರು? ದಿನಗೂಲಿಯವನೇ ಬೀಗ ಒಡೆದು ಒಳಗೆ ಬಂದನೇ? ಕುರ್ಚಿ ಮೇಜಿನ ಹುದ್ದೆಗಳಿಗೆ ಮುಂಬಾಗಿಲು, ಕಸ ಗುಡಿಸುವ ಚರಂಡಿ ಬಳಿಯುವ ಕೆಲಸಕ್ಕೆ ಹಿಂಬಾಗಿಲು ಅಂತ ಗೆರೆ ಎಳೆದವರು ಯಾರು? ಇಪ್ಪತ್ತು ವರ್ಷ ಹಿಂಬಾಗಿಲಲ್ಲಿ ದುಡಿಸಿಕೊಂಡು, ಕೊನೆಗೆ ‘ನೀನು ಬಂದ ಬಾಗಿಲು ಸರಿಯಿಲ್ಲ’ ಎನ್ನುವುದು ಯಾವ ನ್ಯಾಯ? ಮುಟ್ಟಿಸಿಕೊಳ್ಳದವರಿಗೆ ಹಿತ್ತಿಲಲ್ಲಿ ಅನ್ನ ಇಕ್ಕಿ, ಆಮೇಲೆ ಹಿತ್ತಿಲಿಗೆ ಯಾಕೆ ಬಂದೆ ಎಂದು ಬೈದ ಹಾಗಾಯಿತು.

ಈ ಪ್ರಶ್ನೆ ಕೊನೆಗೆ ಕೋರ್ಟಿಗೂ ಮುಟ್ಟಿತು. 2024ರ ಡಿಸೆಂಬರ್ 20ರಂದು ಜಗ್ಗೋ ಎಂಬ ಹೆಸರಿನ ಮೊಕದ್ದಮೆಯಲ್ಲಿ, ಕೇಂದ್ರ ಜಲ ಆಯೋಗದ ಕಚೇರಿ ಗುಡಿಸುತ್ತಿದ್ದ, ತೋಟ ನೋಡುತ್ತಿದ್ದ, ವರ್ಷಗಟ್ಟಲೆ ದುಡಿದು 2018ರಲ್ಲಿ ಹೊರಬಿದ್ದವರನ್ನು ಮತ್ತೆ ತೆಗೆದುಕೊಂಡು ಖಾಯಂ ಮಾಡಿ ಎಂದು ಸುಪ್ರೀಂ ಕೋರ್ಟೇ ಆಜ್ಞೆ ಮಾಡಿತು. ಉಮಾದೇವಿ ತೀರ್ಪನ್ನು ದುಡಿಯುವವರ ಮೇಲೆ ಆಯುಧವಾಗಿ ಬಳಸಬೇಡಿ ಎಂಬ ಅರ್ಥದಲ್ಲಿ ಸರ್ಕಾರಗಳಿಗೆ ಎಚ್ಚರಿಕೆ ಕೊಟ್ಟಿತು. ಪೌರಕಾರ್ಮಿಕರು, ಹಾಸ್ಟೆಲಿನ ಅಡುಗೆಯವರು, ಪಂಚಾಯ್ತಿಯ ನೀರುಗಂಟಿಗಳು ಈ ತೀರ್ಪಿನ ಹೆಸರು ನೆನಪಿಟ್ಟುಕೊಳ್ಳಬೇಕು. ಮುಂದಿನ ಅರ್ಜಿಯಲ್ಲಿ ಅದು ಬೇಕಾಗುತ್ತದೆ.

ಹೆಸರು ಬದಲಿಸಿ ಹೊರಗಿಡುವ ವಿದ್ಯೆ ನಮ್ಮ ದೇಶಕ್ಕೆ ಹೊಸದಲ್ಲ. ಸಂಬಳ ಎನ್ನದೆ ‘ಗೌರವಧನ’ ಅಂದರೆ ಸಾಕು, ದುಡಿಯುವವಳು ನೌಕರಳಲ್ಲ. 2006ರಲ್ಲಿ, ನಮ್ಮ ರಾಜ್ಯ ಸರ್ಕಾರವೇ ಹೂಡಿದ ಅಮೀರ್‌ಬಿ ಪ್ರಕರಣದಲ್ಲಿ, ಅಂಗನವಾಡಿ ಕಾರ್ಯಕರ್ತೆಯರದು ಸರ್ಕಾರಿ ಹುದ್ದೆಯಲ್ಲ ಎಂದಾಯಿತು. ಹದಿನಾರು ವರ್ಷ ಕಾದ ಮೇಲೆ, 2022ರಲ್ಲಿ, ಅವರಿಗೆ ಗ್ರಾಚ್ಯುಟಿ ಕೊಡಬೇಕು ಎಂದು ಗುಜರಾತಿನ ಮೊಕದ್ದಮೆಯೊಂದರಲ್ಲಿ ಸುಪ್ರೀಂ ಕೋರ್ಟು ಹೇಳಿತು. ಬಿಸಿಯೂಟದ ಅಮ್ಮಂದಿರದೂ ಇದೇ ಗೌರವಧನದ ಬಾಳು.

ಅವರನ್ನು ತೆಗೆಯಲು ಆದೇಶವೂ ಬೇಕಿಲ್ಲ. 2025ರ ಜೂನಿನಲ್ಲಿ ಚಾಮರಾಜನಗರ ತಾಲ್ಲೂಕಿನ ಹೊಮ್ಮ ಗ್ರಾಮದ ಸರ್ಕಾರಿ ಶಾಲೆಯಲ್ಲಿ ದಲಿತ ಹೆಣ್ಣುಮಗಳೊಬ್ಬರು ಮುಖ್ಯ ಅಡುಗೆಯವರಾದ ಮೇಲೆ, 22 ಮಕ್ಕಳ ಪೈಕಿ ಒಂದೇ ಮಗು ಉಳಿಯಿತು ಎಂದು ಪತ್ರಿಕೆಗಳು ಬರೆದವು. ಅಧಿಕಾರಿಗಳು ಓಡಿ ಬಂದರು, ಮಾತುಕತೆ ನಡೆಯಿತು. ಇದರ ಒಳಗುಟ್ಟು ನೋಡಿ: ಅಡುಗೆಯವರ ಸಂಖ್ಯೆ ನಿರ್ಧಾರವಾಗುವುದು ಮಕ್ಕಳ ಸಂಖ್ಯೆಯಿಂದ. ಮಕ್ಕಳನ್ನು ಎತ್ತಿಕೊಂಡರೆ ಒಲೆ ಆರುತ್ತದೆ, ಒಲೆ ಆರಿದರೆ ಕೆಲಸ ಹೋಗುತ್ತದೆ. ವಜಾ ಮಾಡಿದವರು ಯಾರೂ ಇಲ್ಲ! ಊರಿಗೆ ಊರೇ ಸೇರಿ ಹೇಳುವ ‘ನಾಳಿಂದ ಬರಬ್ಯಾಡ’ ಇದು. ಇದಕ್ಕೆ ಕಾರ್ಮಿಕ ಕಾನೂನಿನಲ್ಲಿ ಮದ್ದಿಲ್ಲ. ಆದರೆ 1989ರ ದೌರ್ಜನ್ಯ ತಡೆ ಕಾಯ್ದೆ ಇದೆ. ಅದರ ತಿದ್ದುಪಡಿ 2016ರ ಜನವರಿ 26ರಿಂದ ಜಾರಿಯಾಗಿ, ಸಾಮಾಜಿಕ ಬಹಿಷ್ಕಾರವೂ ಆರ್ಥಿಕ ಬಹಿಷ್ಕಾರವೂ ಅಪರಾಧವಾಗಿವೆ. ದಲಿತನೆಂಬ ಕಾರಣಕ್ಕೆ ಕೂಲಿಗೆ ಕರೆಯಬೇಡಿ ಎಂದು ಊರು ಕಟ್ಟು ಹಾಕಿದರೂ ಇದೇ ಕಾಯ್ದೆ. ಹೊಲದ ಕೂಲಿಗೆ ಹಾಜರಿ ಪುಸ್ತಕವಿಲ್ಲ, 240 ದಿನದ ಲೆಕ್ಕವಿಲ್ಲ. ಅವನ ಬಳಿ ಇರುವ ಗಟ್ಟಿ ಕಾನೂನು ಇದು.

ಇನ್ನು ನಮ್ಮ ಓದುಗರಲ್ಲಿ ಬಹುಮಂದಿ ಹಳ್ಳಿಯ ಮೇಷ್ಟ್ರುಗಳು. ಖಾಸಗಿ ಶಾಲೆಯಲ್ಲಿ ಪಾಠ ಹೇಳುವ ಗೆಳೆಯ ‘ನಾವು ಮೇಷ್ಟ್ರು ಕಣ್ರಿ, ಕೂಲಿಗಳಲ್ಲ’ ಅನ್ನುತ್ತಾನೆ. ಸರಿ, ಕೋರ್ಟೂ ಅದನ್ನೇ ಹೇಳಿದೆ! 1988ರ ಸುಂದರಾಂಬಾಳ್ ಪ್ರಕರಣದಲ್ಲಿ ಉಪಾಧ್ಯಾಯರು ಕಾರ್ಮಿಕರ ವ್ಯಾಖ್ಯೆಗೆ ಬರುವುದಿಲ್ಲ ಎಂದು ಸುಪ್ರೀಂ ಕೋರ್ಟು ತೀರ್ಮಾನಿಸಿತು. ಹಾಗಾಗಿ ಮಾನವೇನೋ ಉಳಿಯಿತು, ಕಾರ್ಮಿಕ ನ್ಯಾಯಾಲಯದ ಬಾಗಿಲು ಮುಚ್ಚಿತು. ಆದರೆ ನಿಮಗೆ ಬೇರೆ ಬಾಗಿಲಿದೆ. ಕರ್ನಾಟಕ ಶಿಕ್ಷಣ ಕಾಯ್ದೆ, 1983ರ 92ನೇ ಸೆಕ್ಷನ್ನು ವಿಚಾರಣೆ ಇಲ್ಲದೆ ವಜಾ ಮಾಡಕೂಡದು ಎನ್ನುತ್ತದೆ. ಮಾಡಿದರೆ 94ನೇ ಸೆಕ್ಷನ್ನಿನಂತೆ ಮೂರು ತಿಂಗಳೊಳಗೆ ಶಿಕ್ಷಣ ಮೇಲ್ಮನವಿ ನ್ಯಾಯಮಂಡಳಿಗೆ ಹೋಗಬಹುದು. 2013ರ ದೀಪಾಲಿ ಸುರ್ವಾಸೆ ಪ್ರಕರಣದಲ್ಲಿ, ಅನ್ಯಾಯವಾಗಿ ವಜಾ ಆದ ಶಿಕ್ಷಕಿಗೆ ಕೆಲಸದೊಂದಿಗೆ ಹಿಂಬಾಕಿ ಸಂಬಳವನ್ನೂ ಕೊಡುವುದೇ ಸಾಮಾನ್ಯ ನಿಯಮ ಎಂದು ಸುಪ್ರೀಂ ಕೋರ್ಟು ಹೇಳಿದೆ. ಮೂರು ತಿಂಗಳು ಎಂದರೆ ತೊಂಬತ್ತು ಚಿಲ್ಲರೆ ದಿನ. ಆಡಳಿತ ಮಂಡಳಿಯ ಯಜಮಾನರ ಮನೆಗೆ ಹಣ್ಣು ಹಿಡಿದು ಅಲೆಯುವುದರಲ್ಲಿ ಅದು ಮುಗಿದುಹೋಗುತ್ತದೆ.

ಹಾಗಾದರೆ ಇವತ್ತು ಏನು ಮಾಡಬೇಕು?

ಹೊಸ ಸಂಹಿತೆಗಳನ್ನು ನಾವು ವಿರೋಧಿಸುತ್ತೇವೆ. ಆದರೆ ವಿರೋಧಿಸುವವನೇ ಅದನ್ನು ಎಲ್ಲರಿಗಿಂತ ಚೆನ್ನಾಗಿ ಓದಿರಬೇಕು. ಕಿತ್ತುಕೊಂಡ ಕೈಯಿಂದಲೇ ಅವು ಕೆಲವು ಕಾಗದಗಳನ್ನು ಕೊಟ್ಟಿವೆ. ಹತ್ತು ಅಥವಾ ಅದಕ್ಕಿಂತ ಹೆಚ್ಚು ಜನ ದುಡಿಯುವ ಕಡೆ ಪ್ರತಿಯೊಬ್ಬರಿಗೂ ನೇಮಕಾತಿ ಪತ್ರ ಕೊಡಬೇಕು. ಕೇಳಿ. ಕೆಲಸದಿಂದ ತೆಗೆದರೆ ಎರಡು ಕೆಲಸದ ದಿನಗಳೊಳಗೆ ಬಾಕಿ ಕೂಲಿ ಪೂರಾ ಚುಕ್ತಾ ಮಾಡಬೇಕು. ಕೇಳಿ. 240 ದಿನದ ನಿಯಮ, ನೋಟಿಸು, 15 ದಿನದ ಪರಿಹಾರ ಈಗಲೂ ಉಳಿದಿವೆ. ಗೊತ್ತಾದ ಅವಧಿಗೆ ನೇಮಕವಾದವನ ಅವಧಿ ಮುಗಿದರೆ ಮಾತ್ರ ಅದು ಕಡಿತವಲ್ಲ ಎಂದು ಬರೆದಿದ್ದಾರೆ; ಆದ್ದರಿಂದ ರುಜು ಹಾಕುವ ಮುಂಚೆ ಕಾಗದ ಓದಿ, ಓದಲು ಬಾರದವರು ನಮ್ಮಲ್ಲಿಗೆ ತನ್ನಿ. ವಜಾ ವಿವಾದವನ್ನು ರಾಜಿ ಅಧಿಕಾರಿಯ ಮುಂದೆ ತರಲು ಎರಡು ವರ್ಷದ ಗಡುವು. ಅಲ್ಲಿ ಮುರಿದುಬಿದ್ದರೆ ವರದಿ ಕೈಗೆ ಬಂದ 90 ದಿನಗಳೊಳಗೆ ನ್ಯಾಯಮಂಡಳಿಗೆ ಅರ್ಜಿ. ವಕೀಲರಿಗೆ ಕಾಸಿಲ್ಲ ಎಂದು ಯಾರೂ ಹಿಂದೆ ಸರಿಯಬೇಡಿ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ ಪ್ರಕಾರ ಪರಿಶಿಷ್ಟ ಜಾತಿ, ಪಂಗಡದವರಿಗೆ, ಹೆಣ್ಣುಮಕ್ಕಳಿಗೆ, ಕಾರ್ಖಾನೆ ಕೆಲಸಗಾರರಿಗೆ ವಕೀಲರ ನೆರವು ಉಚಿತ. ಅದರ ಸಮಿತಿ ತಾಲ್ಲೂಕು ಕೋರ್ಟಿನಲ್ಲೇ ಇರುತ್ತದೆ.

ಪ್ರತಿ ಕೇರಿಯಲ್ಲಿ ಒಂದು ನೋಟುಬುಕ್ಕು ಇಡೋಣ. ಯಾರು, ಯಾವ ಕಾರ್ಖಾನೆ, ಯಾವ ಗುತ್ತಿಗೆದಾರ, ಎಂದು ಸೇರಿದ, ತಿಂಗಳಿಗೆ ಎಷ್ಟು ದಿನ ಹೋದ, ಕೈಗೆ ಎಷ್ಟು ಬಂತು, ಪಿಎಫ್ ನಂಬರು, ಇಎಸ್‌ಐ ನಂಬರು. ಪಿಯುಸಿ ಓದುವ ಹುಡುಗ ಹುಡುಗಿಯರು ಬರೆಯಲಿ. ಭಾನುವಾರ ನಾವು ಕವಿತೆ ಓದುವ ಅದೇ ಜಗಲಿಯಲ್ಲಿ ಒಂದು ಗಂಟೆ ಈ ಕಾನೂನುಗಳನ್ನು ಓದೋಣ. ನ್ಯಾಯಾಲಯದಲ್ಲಿ 240 ದಿನ ದುಡಿದೆ ಎಂದು ಮೊದಲು ತೋರಿಸಬೇಕಾದವನು ದುಡಿದವನೇ. ಸಂಬಳದ ಚೀಟಿ, ಬ್ಯಾಂಕಿನ ಪಾಸ್‌ಬುಕ್ಕು, ಗೇಟ್ ಪಾಸು, ಈ ನೋಟುಬುಕ್ಕು: ಸಾಕ್ಷಿ ಎಂದರೆ ಇವೇ.

ನಮ್ಮ ಹಿರಿಯರಿಗೆ ಸಾವಿರ ವರ್ಷ ಅಕ್ಷರ ಕೊಡಲಿಲ್ಲ. ಹೆಬ್ಬೆಟ್ಟು ಒತ್ತಿಸಿಕೊಂಡು ಭೂಮಿ ಬರೆಸಿಕೊಂಡರು, ಜೀತ ಬರೆಸಿಕೊಂಡರು. ಆಗ ಬರೆಯುವುದು ಅವರ ಬಲವಾಗಿತ್ತು. ಈಗ ಅವರು ಬರೆಯಲು ಹೆದರುತ್ತಾರೆ. ಬಾಯಲ್ಲಿ ಮಾತ್ರ ಹೇಳುತ್ತಾರೆ, ಯಾಕೆಂದರೆ ಬರೆದರೆ ಸಿಕ್ಕಿಬೀಳುತ್ತಾರೆ. ಆದ್ದರಿಂದ ನಾಳೆ ಬೆಳಗ್ಗೆ ಗೇಟಿನಲ್ಲಿ, ಶಾಲೆಯ ಕಚೇರಿಯಲ್ಲಿ, ಪಂಚಾಯ್ತಿ ಜಗಲಿಯಲ್ಲಿ ಯಾರಾದರೂ ‘ನಾಳಿಂದ ಬರಬ್ಯಾಡ’ ಅಂದರೆ, ಕೈ ಕಟ್ಟಿ ‘ಆಗಲಿ ಬುದ್ಧೀ’ ಅನ್ನಬೇಡಿ. ಅತ್ತು ಮನೆಗೆ ಬರಬೇಡಿ. ನೆಟ್ಟಗೆ ನಿಂತು ಕೇಳಿ:

‘ಬರೆದು ಕೊಡಿ.’

ಬರೆದು ಕೊಡದಿದ್ದರೆ ಆ ದಿನ, ಆ ಗಳಿಗೆ, ಹೇಳಿದವನ ಹೆಸರು ನೀವೇ ಬರೆದುಕೊಳ್ಳಿ. ಸ್ಪೀಡ್ ಪೋಸ್ಟಿನಲ್ಲಿ ಕಂಪನಿಗೂ ಕಾರ್ಮಿಕ ಇಲಾಖೆಗೂ ಕಾಗದ ಹಾಕಿ, ರಸೀತಿ ಜೋಪಾನ ಮಾಡಿ. ಆಮೇಲೆ ನಮಗೆ ಹೇಳಿ ಕಳಿಸಿ. ಈ ಸಲ ನಾವು ಹಾಡುವುದಕ್ಕೆ ಮುಂಚೆ ಬಸ್ಸು ಹತ್ತುತ್ತೇವೆ.